ಒಳ ಎಷ್ಟು, ಹೊರ ಎಷ್ಟು?

ಮಳೆಗಾಲ ಶುರುವಾದರೆ ನಮ್ಮ ಮನೆಯಲ್ಲಿ ಪತ್ರಿಕೆ ಓದುವ ಕ್ರಮವೇ ಬದಲಾಗುತ್ತಿತ್ತು. ಮುಖಪುಟವೂ ಮೊದಲಲ್ಲ, ನಿಧನವಾರ್ತೆಯೂ ಮೊದಲಲ್ಲ. ಒಳಪುಟದ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಬರುತ್ತಿದ್ದ ಜಲಾಶಯಗಳ ಮಟ್ಟ ಮೊದಲು. ಆ ಸಣ್ಣಕ್ಷರ ಅಪ್ಪನಿಗೆ ಕನ್ನಡಕ ಹಾಕಿದರೂ ಕಾಣುತ್ತಿರಲಿಲ್ಲ. ‘ಕಟ್ಟೆ ಎಷ್ಟಾಗದೆ ನೋಡ್ಲಾ’ ಎನ್ನುತ್ತಿದ್ದರು. ಮಂಡ್ಯದ ಕಡೆ ಕಟ್ಟೆ ಎಂದರೆ ಒಂದೇ, ಕನ್ನಂಬಾಡಿ. ನಾನು ಗರಿಷ್ಠ ಮಟ್ಟ 124.80 ಅಡಿಯಿಂದ ಶುರುಮಾಡಿ ಇಂದಿನ ಮಟ್ಟ ಓದುತ್ತಿದ್ದೆ. ‘ಒಳ ಎಷ್ಟು?’ ಒಳಹರಿವು ಓದುತ್ತಿದ್ದೆ. ‘ಹೊರ ಎಷ್ಟು?’ ಅದನ್ನೂ ಓದುತ್ತಿದ್ದೆ. ಆಮೇಲೆ ಬರುತ್ತಿತ್ತು ಮೂರನೆಯ ಪ್ರಶ್ನೆ: ‘ಹೊರ ಅಂದ್ರೆ ನಾಲೆಗೋ, ಹೊಳೆಗೋ?’ ಅದು ಪತ್ರಿಕೆಯಲ್ಲಿ ಇರುತ್ತಿರಲಿಲ್ಲ. ಇಲ್ಲದ್ದನ್ನೇ ಕೇಳುತ್ತಾರಲ್ಲ ಎಂದು ನನಗೆ ರೇಗುತ್ತಿತ್ತು.

ಕೆಲವು ವರ್ಷಗಳ ನಂತರ ಎಂಜಿನಿಯರಿಂಗ್ ತರಗತಿಯಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಚೌಕ ಬರೆದರು. ಎಡಗಡೆಯಿಂದ ಒಳಕ್ಕೆ ಒಂದು ಬಾಣ, ಬಲಗಡೆಯಿಂದ ಹೊರಕ್ಕೆ ಒಂದು ಬಾಣ. ಒಳಗೆ ಹೋಗುವುದು ಇನ್‌ಪುಟ್, ಹೊರಗೆ ಬರುವುದು ಔಟ್‌ಪುಟ್. ಮೊದಲಿನದು ಕಾರಣ, ಎರಡನೆಯದು ಕಾರ್ಯ ಎಂದರು. ನನಗೆ ಕಂಡದ್ದು ಕನ್ನಂಬಾಡಿ ಕಟ್ಟೆ. ಇಷ್ಟೇ ತಾನೆ ಎನಿಸಿತು. ಅದು ಇಷ್ಟೇ ಅಲ್ಲ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಕಾಲದೊಂದಿಗೆ ಬದಲಾಗುತ್ತಿರುವ ಯಾವುದೇ ವ್ಯವಸ್ಥೆಯಲ್ಲಿ, ಅದು ಕಟ್ಟೆಯಾಗಲಿ, ದೇಹದ ಸಕ್ಕರೆಯಾಗಲಿ, ದೇಶದ ಹಣದುಬ್ಬರವಾಗಲಿ, ‘ಇದರಿಂದ ಅದಾಯಿತು’ ಎಂದು ಹೇಳುವುದು ಆ ಎರಡು ಬಾಣಗಳಷ್ಟು ಸಲೀಸಲ್ಲ.

ಒಳಹರಿವು ಹೆಚ್ಚಿದರೆ ಹೊರಹರಿವು ಹೆಚ್ಚುತ್ತದೆಯೇ? ಜೂನ್ ತಿಂಗಳಲ್ಲಿ ಕೊಡಗಿನಲ್ಲಿ ಮಳೆ ಹಿಡಿದು 20 ಸಾವಿರ ಕ್ಯೂಸೆಕ್ ಬಂದರೂ ಹೊರಗೆ ಬಿಡುವುದು ಕುಡಿಯುವ ನೀರಿಗೆ ಬೇಕಾದಷ್ಟು ಮಾತ್ರ ಇರಬಹುದು. ಅದೇ 20 ಸಾವಿರ ಕ್ಯೂಸೆಕ್ ಆಗಸ್ಟಿನಲ್ಲಿ ಬಂದರೆ, ಕಟ್ಟೆ ತುಂಬಿದ್ದರೆ, 20 ಸಾವಿರವೂ ಹೊರಕ್ಕೇ. ಒಳಹರಿವು ಒಂದೇ, ಫಲ ಬೇರೆ ಬೇರೆ. ನಡುವೆ ಇರುವುದು ಮಟ್ಟ. ಕಟ್ಟೆಗೆ ನೆನಪಿದೆ, ಆ ನೆನಪನ್ನು ಅದು ಅಡಿಗಳಲ್ಲಿ ಬರೆದಿಟ್ಟುಕೊಂಡಿದೆ. ಕಳೆದ ಎರಡು ತಿಂಗಳು ಯಾವ ದಿನ ಎಷ್ಟು ಬಂತು, ಎಷ್ಟು ಹೋಯಿತು ಎಂಬ ಇಡೀ ಪುರಾಣ ಬೇಡ, ಇವತ್ತಿನ ಮಟ್ಟವೊಂದು ಗೊತ್ತಿದ್ದರೆ ನಾಳೆಯ ಲೆಕ್ಕಕ್ಕೆ ಸಾಕು. ಹೀಗೆ ಹಿಂದಿನದರಲ್ಲಿ ಮುಂದಿನದಕ್ಕೆ ಬೇಕಾದ ಸಾರವನ್ನಷ್ಟೇ ಹಿಡಿದಿಡುವ ಅಂಕಿಗೆ ಎಂಜಿನಿಯರುಗಳು ‘ಸ್ಥಿತಿ’ ಎನ್ನುತ್ತಾರೆ. ರುಡಾಲ್ಫ್ ಕಾಲ್ಮನ್ 1960ರ ಸುಮಾರಿಗೆ ಈ ಸ್ಥಿತಿಯ ಗಣಿತವನ್ನು ಗಟ್ಟಿ ಮಾಡಿದರು. ಚಂದ್ರನತ್ತ ಹೋದ ಅಪೊಲೊ ನೌಕೆ ತಾನೆಲ್ಲಿದ್ದೇನೆಂದು ಅಂದಾಜು ಮಾಡಿದ್ದು ಅದೇ ಲೆಕ್ಕದಿಂದ.

ಕಟ್ಟೆಗಿಂತ ಮೇಲೆ, ಕಾಡಿನ ಮಣ್ಣಿಗೂ ಇಂಥದೇ ನೆನಪು. ಮೊದಲ ಮಳೆ ಎಷ್ಟೇ ಜೋರಾಗಿ ಬಿದ್ದರೂ ಹೊಳೆ ಏರುವುದಿಲ್ಲ, ಬಾಯಾರಿದ ನೆಲ ಕುಡಿದುಬಿಡುತ್ತದೆ. ಮಣ್ಣು ನೆನೆದ ಮೇಲೆ ಅದರ ಅರ್ಧದಷ್ಟು ಮಳೆ ಬಿದ್ದರೂ ಹೊಳೆ ಕೆಂಪಾಗಿ ಉಕ್ಕುತ್ತದೆ. 1932ರಲ್ಲಿ ಅಮೆರಿಕದ ಲಿರಾಯ್ ಶರ್ಮನ್ ಎಂಬ ಎಂಜಿನಿಯರು ಒಂದು ಸರಳ ಉಪಾಯ ಹೇಳಿದರು. ನೆಲ ಕುಡಿದು ಉಳಿದ ನೀರು ಇಡೀ ಜಲಾನಯನ ಪ್ರದೇಶದಲ್ಲಿ ಒಂದು ಇಂಚು ಹರಡಿತು ಎಂದಿಟ್ಟುಕೊಳ್ಳಿ. ಆ ಒಂದು ಇಂಚು ನದಿಯಲ್ಲಿ ಯಾವ ಗಂಟೆಗೆ ಎಷ್ಟಾಗಿ ಬರುತ್ತದೆ, ಹೇಗೆ ಏರುತ್ತದೆ, ಹೇಗೆ ನಿಧಾನಕ್ಕೆ ಇಳಿಯುತ್ತದೆ ಎಂಬ ಆಕಾರವನ್ನು ಒಮ್ಮೆ ಬರೆದಿಡಿ. ಎರಡು ಇಂಚಾದರೆ ಆ ಆಕಾರದ ಎರಡರಷ್ಟು. ಇವತ್ತೂ ನಾಳೆಯೂ ಮಳೆಯಾದರೆ ಎರಡು ಆಕಾರಗಳನ್ನು ಒಂದು ದಿನ ಸರಿಸಿ ಒಂದರ ಮೇಲೊಂದು ಕೂಡಿಸಿ. ಜಗತ್ತಿನ ಜಲವಿಜ್ಞಾನದ ಪಠ್ಯಗಳಲ್ಲೆಲ್ಲ ಈ ಪಾಠ ಇದೆ. ನನಗೆ ಇದರಲ್ಲಿ ಹಿಡಿಸುವುದು ಒಂದೇ ಮಾತು: ಇವತ್ತಿನ ಹೊಳೆಗೆ ಒಂದು ಕಾರಣ ಇಲ್ಲ. ನಿನ್ನೆಯ ಮಳೆಯದು ಸ್ವಲ್ಪ, ಮೊನ್ನೆಯದು ಹೆಚ್ಚು, ಕಳೆದ ವಾರದ್ದು ಬಾಲದಂತೆ ಇನ್ನೂ ಸ್ವಲ್ಪ. ಕಾರ್ಯವೆಂಬುದು ಹಳೆಯ ಕಾರಣಗಳ ಕಂತು.

ಹಾಗಾದರೆ ಗಣಿತ ಈ ಕಾರಣ-ಕಾರ್ಯವನ್ನು ಹೇಗೆ ಕಟ್ಟಿಹಾಕುತ್ತದೆ? ಎರಡು ವರ್ಷಗಳನ್ನು ಊಹಿಸಿಕೊಳ್ಳಿ. ಎರಡರಲ್ಲೂ ಶುರುವಿನ ಮಟ್ಟ ಒಂದೇ, ಗೇಟು ತೆರೆಯುವ ನಿಯಮ ಒಂದೇ, ಜುಲೈ 20ರವರೆಗೆ ಬಂದ ನೀರೂ ಒಂದೇ. ಹಾಗಿದ್ದರೆ ಜುಲೈ 20ರವರೆಗೆ ಹೋದ ನೀರೂ ಒಂದೇ ಇರಬೇಕು. 21ರಿಂದ ಒಂದು ವರ್ಷ ಪ್ರವಾಹ, ಇನ್ನೊಂದು ವರ್ಷ ಬರ ಬಂದರೂ 20ರ ಹೊರಹರಿವಿಗೆ ಅದರ ಸುಳಿವು ಇರಬಾರದು. ಇಷ್ಟನ್ನು ಪಾಲಿಸುವ ವ್ಯವಸ್ಥೆಗೆ ಎಂಜಿನಿಯರುಗಳ ಭಾಷೆಯಲ್ಲಿ ಕಾರಣಬದ್ಧ ವ್ಯವಸ್ಥೆ ಎಂದು ಹೆಸರು. ನಾಳೆಯ ನೀರಿಗೆ ಇವತ್ತು ಗೇಟು ಅಲುಗುವುದಿಲ್ಲ ಎಂಬುದೇ ಇದರ ತಾತ್ಪರ್ಯ.

ಅಲುಗುತ್ತದಲ್ಲ ಎಂದು ನೀವು ಕೇಳಬಹುದು. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಎಂಜಿನಿಯರು ಮಳೆಗೆ ಮುಂಚೆಯೇ ನೀರು ಬಿಟ್ಟು ಜಾಗ ಮಾಡಿಕೊಳ್ಳುತ್ತಾರೆ. ಕಟ್ಟೆಯ ದಾಖಲೆ ಪುಸ್ತಕದಲ್ಲಿ ನೋಡಿದರೆ ಸೋಮವಾರ ಹೊರಹರಿವು ಏರಿದೆ, ಬುಧವಾರ ಒಳಹರಿವು ಏರಿದೆ. ಮೊದಲು ಬಂದದ್ದು ಕಾರಣ ಎನ್ನುವವರಿಗೆ ನೀರು ಬಿಟ್ಟಿದ್ದರಿಂದಲೇ ಮಳೆ ಬಂತು! ನಮ್ಮಲ್ಲಿ ಕಪ್ಪೆ ಕೂಗಿದ್ದರಿಂದ ಮಳೆ ಬಂತು ಎನ್ನುವ ಹಾಗೆ. ನಿಜವಾಗಿ ಎಂಜಿನಿಯರನ್ನು ಅಲುಗಿಸಿದ್ದು ಬುಧವಾರದ ಮಳೆಯಲ್ಲ, ಭಾನುವಾರವೇ ಕೈಗೆ ಬಂದ ಮುನ್ಸೂಚನೆ. ಅದೂ ಒಂದು ಒಳಹರಿವೇ. ಪತ್ರಿಕೆಯ ಪಟ್ಟಿಯಲ್ಲಿ ಅದಕ್ಕೊಂದು ಸಾಲಿಲ್ಲ, ಅಷ್ಟೇ.

ಇನ್ನೊಂದು ತಮಾಷೆ ಇದೆ. ಕಟ್ಟೆಯ ಲೆಕ್ಕ ಅಂಗಡಿಯ ಲೆಕ್ಕದ ಹಾಗೆಯೇ: ಬಂದದ್ದರಲ್ಲಿ ಹೋದದ್ದು ಕಳೆದರೆ ಉಳಿದದ್ದು. ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ಸಿಗುತ್ತದೆ. ಸಮ ಚಿಹ್ನೆಗೆ ಎಡವೂ ಇಲ್ಲ, ಬಲವೂ ಇಲ್ಲ. ಅನೇಕ ಜಲಾಶಯಗಳಲ್ಲಿ ಒಳಹರಿವನ್ನು ನೇರವಾಗಿ ಅಳೆಯುವುದೇ ಇಲ್ಲ. ಹತ್ತಾರು ಹಳ್ಳಕೊಳ್ಳಗಳಿಂದ, ಹಿನ್ನೀರಿನ ಅಂಚಿನಿಂದೆಲ್ಲ ಬರುವ ನೀರನ್ನು ಅಳೆಯುವುದು ಹೇಗೆ? ನಿನ್ನೆ ಬೆಳಿಗ್ಗೆಯ ಮಟ್ಟ, ಇವತ್ತು ಬೆಳಿಗ್ಗೆಯ ಮಟ್ಟ, ನಡುವೆ ಬಿಟ್ಟ ನೀರು, ಇವುಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ‘ಇಷ್ಟು ಬಂದಿರಬೇಕು’ ಎಂದು ಬರೆಯುತ್ತಾರೆ. ಹೊಳೆಯಲ್ಲಿ ಯಾವುದು ಕಾರಣವೋ ಕಾಗದದಲ್ಲಿ ಅದೇ ಫಲ. ಕನ್ನಂಬಾಡಿ ತುಂಬಿದಾಗ ನೀರಿನ ಹರವು ಸುಮಾರು 130 ಚದರ ಕಿಲೋಮೀಟರ್. ಗಾಳಿಗೆ ನೀರು ಏರಿಳಿದು ಮಟ್ಟ ಓದುವಾಗ ಒಂದೇ ಒಂದು ಇಂಚು ಹೆಚ್ಚುಕಡಿಮೆಯಾದರೂ ಆ ದಿನದ ಒಳಹರಿವಿನಲ್ಲಿ ಸುಮಾರು 1,300 ಕ್ಯೂಸೆಕ್ ಹುಟ್ಟಿಬಿಡುತ್ತದೆ, ಇಲ್ಲವೇ ಮಾಯವಾಗುತ್ತದೆ. ಬೇಸಿಗೆಯಲ್ಲಿ ಹೀಗೆ ಲೆಕ್ಕ ಹಾಕಿದರೆ ಕೆಲವೊಮ್ಮೆ ಒಳಹರಿವು ಸೊನ್ನೆಗಿಂತ ಕೆಳಕ್ಕೆ ಹೋಗುವುದೂ ಉಂಟು. ಹೊಳೆ ಹಿಂದಕ್ಕೆ ಹರಿಯಿತು ಎಂದು ಅದರರ್ಥವಲ್ಲ. ಲೆಕ್ಕ ಮಾಡುವ ಕ್ರಮವೇ ನಡೆಯುವ ಕ್ರಮ ಎಂದುಕೊಂಡರೆ ಇಂಥ ಪೇಚು.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ನೂರಿಪ್ಪತ್ತು ವರ್ಷ ಹಿಂದಕ್ಕೆ, ಪುಣೆಗೆ ಹೋಗಬೇಕು. ಮುಠಾ ನದಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಗೇಟುಗಳನ್ನು ಹಾಕಿಸಿದರು. ಆಗ ಅವರು ಮುಂಬೈ ಪ್ರಾಂತ್ಯದ ಸರ್ಕಾರದಲ್ಲಿ ಎಂಜಿನಿಯರು. ಅಣೆಕಟ್ಟೆಯ ಗೋಡೆ ಎತ್ತರಿಸದೆ ಹೆಚ್ಚು ನೀರು ಹಿಡಿಯಬೇಕು, ಪ್ರವಾಹ ಬಂದರೆ ಕಟ್ಟೆಗೆ ಅಪಾಯವೂ ಆಗಬಾರದು. ಅವರ ಗೇಟು ನೀರು ಒಂದು ಮಟ್ಟ ಮುಟ್ಟುವವರೆಗೆ ಮುಚ್ಚಿರುತ್ತದೆ. ಮೀರಿದರೆ ತಂತಾನೇ ತೆರೆಯುತ್ತದೆ, ನೀರು ಇಳಿದರೆ ತಂತಾನೇ ಮುಚ್ಚಿಕೊಳ್ಳುತ್ತದೆ. ನಡುರಾತ್ರಿ ಮಳೆಯಲ್ಲಿ ಗೇಟಿನವನು ಓಡಬೇಕಾಗಿಲ್ಲ. ಅದಕ್ಕೆ ಅವರು ಪೇಟೆಂಟ್ ಪಡೆದರು. ಮುಂದೆ ಗ್ವಾಲಿಯರಿನ ತಿಗ್ರಾ ಕಟ್ಟೆಯಲ್ಲೂ ನಮ್ಮ ಕನ್ನಂಬಾಡಿಯಲ್ಲೂ ಇಂಥ ಗೇಟು ಬಂದವು.

ಈಗ ಯೋಚಿಸಿ. ಮಟ್ಟ ಏರಿದ್ದು ಗೇಟು ತೆರೆಯಲು ಕಾರಣ. ಗೇಟು ತೆರೆದದ್ದು ಮಟ್ಟ ಇಳಿಯಲು ಕಾರಣ. ಮಟ್ಟ ಇಳಿದದ್ದು ಗೇಟು ಮುಚ್ಚಲು ಕಾರಣ. ಇಲ್ಲಿ ಯಾವುದು ಇನ್‌ಪುಟ್, ಯಾವುದು ಔಟ್‌ಪುಟ್? ನಮ್ಮ ಹಳಬರಾದರೆ ಬೀಜವೃಕ್ಷ ನ್ಯಾಯ ಎನ್ನುತ್ತಿದ್ದರು. ಎಂಜಿನಿಯರುಗಳು ಫೀಡ್‌ಬ್ಯಾಕ್ ಎನ್ನುತ್ತಾರೆ. ಹಬೆಯಂತ್ರದ ವೇಗ ಹಿಡಿದಿಡುತ್ತಿದ್ದ ಗವರ್ನರ್ ಎಂಬ ಸಾಧನದ ಬಗ್ಗೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದ ಪ್ರಬಂಧದಿಂದ ಇದರ ಗಣಿತ ಶುರುವಾಯಿತು ಎನ್ನಬಹುದು. ವೃತ್ತ ಸುತ್ತುವುದರಲ್ಲಿ ದೋಷವೇನಿಲ್ಲ, ಪ್ರತಿ ಸುತ್ತಿಗೂ ಒಂದಿಷ್ಟು ಕಾಲ ಹಿಡಿಯುತ್ತದೆ. ಕಾಲದಲ್ಲಿ ಬಿಡಿಸಿಟ್ಟರೆ ಸುರುಳಿ ಬಿಚ್ಚಿಕೊಳ್ಳುತ್ತದೆ: ಈ ಕ್ಷಣದ ಮಟ್ಟ, ಮುಂದಿನ ಕ್ಷಣದ ಗೇಟು, ಅದರ ಮುಂದಿನ ಕ್ಷಣದ ಮಟ್ಟ. ತೊಂದರೆ ಇರುವುದು ಬೇರೆ ಕಡೆ.

ಗೇಟು ಅತ್ಯುತ್ತಮವಾಗಿ ಕೆಲಸ ಮಾಡುತ್ತಿದೆ ಎಂದುಕೊಳ್ಳೋಣ. ಪರ ಊರಿನಿಂದ ಬಂದ ಒಬ್ಬ ಸಂಖ್ಯಾಶಾಸ್ತ್ರಜ್ಞನ ಕೈಗೆ ಒಂದು ತಿಂಗಳ ದಾಖಲೆ ಕೊಡಿ. ಗೇಟು ಏನು, ಕಟ್ಟೆ ಏನು ಎಂದು ಅವನಿಗೆ ಗೊತ್ತಿಲ್ಲ. ಅಂಕಿ ಮಾತ್ರ ಗೊತ್ತು. ಅವನು ನೋಡುತ್ತಾನೆ: ಒಳಹರಿವು 5 ಸಾವಿರದಿಂದ 50 ಸಾವಿರದವರೆಗೆ ಏರಿಳಿದಿದೆ, ಮಟ್ಟ ಮಾತ್ರ ಅಲ್ಲೇ ನಿಂತಿದೆ. ಹಾಗಾಗಿ ಒಳಹರಿವಿಗೂ ಮಟ್ಟಕ್ಕೂ ಸಂಬಂಧವಿಲ್ಲ. ಗೇಟು ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದೆ, ಮಟ್ಟ ಮಾತ್ರ ಅಲ್ಲೇ. ಹಾಗಾಗಿ ಗೇಟಿಗೂ ಮಟ್ಟಕ್ಕೂ ಸಂಬಂಧವಿಲ್ಲ. ಗೇಟು ದಂಡ, ಕಿತ್ತುಹಾಕಬಹುದು. ಒಳಹರಿವು ಎಷ್ಟೋ ಹೊರಹರಿವು ಅಷ್ಟೇ, ಹಾಗಾಗಿ ನಡುವೆ ಕಟ್ಟೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಮೂರೂ ತೀರ್ಮಾನ ಶುದ್ಧ ಸುಳ್ಳು. ಮೂರಕ್ಕೂ ಅಂಕಿಗಳ ಪೂರ್ಣ ಬೆಂಬಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 2003ರಲ್ಲಿ ಮನೆ ಬೆಚ್ಚಗಿಡುವ ಥರ್ಮೋಸ್ಟಾಟ್‌ನ ಉದಾಹರಣೆಯಿಂದ ಇದನ್ನೇ ಹೇಳಿದರು: ಕೇಂದ್ರೀಯ ಬ್ಯಾಂಕು ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಅದರ ಕೆಲಸದ ಗುರುತು ಅಂಕಿಗಳಲ್ಲಿ ಸಿಗದೆ ಹೋಗುತ್ತದೆ.

ಇದನ್ನು ನಾನು ದಿನಕ್ಕೊಮ್ಮೆ ನೆನಪು ಮಾಡಿಕೊಳ್ಳುತ್ತೇನೆ. ‘ಪೌರಕಾರ್ಮಿಕರು ಏನು ಮಾಡುತ್ತಾರೆ, ಬೀದಿ ಚೊಕ್ಕಟವಾಗಿಯೇ ಇದೆಯಲ್ಲ’ ಎನ್ನುವವರೂ, ‘ಲಸಿಕೆ ಯಾಕೆ, ಆ ಕಾಯಿಲೆ ಎಲ್ಲೂ ಇಲ್ಲವಲ್ಲ’ ಎನ್ನುವವರೂ ಆ ಸಂಖ್ಯಾಶಾಸ್ತ್ರಜ್ಞನ ನೆಂಟರೇ.

ಬರಿಯ ಅಂಕಿಗಳಿಂದಲೇ ಕಾರಣ ಪತ್ತೆಹಚ್ಚಲು ಅರ್ಥಶಾಸ್ತ್ರಜ್ಞ ಕ್ಲೈವ್ ಗ್ರ್ಯಾಂಜರ್ 1969ರಲ್ಲಿ ಒಂದು ಪರೀಕ್ಷೆ ಸೂಚಿಸಿದರು. ಮುಂದೆ 2003ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಒಂದು ಸರಣಿಯ ನಿನ್ನೆ ಮೊನ್ನೆಗಳು ಇನ್ನೊಂದು ಸರಣಿಯ ನಾಳೆಯನ್ನು ಊಹಿಸಲು, ಆ ಎರಡನೆಯದರ ಸ್ವಂತ ಚರಿತ್ರೆಗಿಂತ ಹೆಚ್ಚಿನ ನೆರವು ಕೊಟ್ಟರೆ, ಮೊದಲನೆಯದು ಎರಡನೆಯದಕ್ಕೆ ಕಾರಣ ಎಂದು ತಿಳಿಯೋಣ ಎಂಬುದು ಅದರ ಸಾರ. ಬುದ್ಧಿವಂತ ಪರೀಕ್ಷೆ, ಬಹಳ ಉಪಯೋಗಕ್ಕೂ ಬಂದಿದೆ. ನಮ್ಮ ಜಲಾಶಯಗಳ ಮೇಲೆ ಹಾಕಿ ನೋಡಿ. ಎಚ್.ಡಿ. ಕೋಟೆಯ ಕಬಿನಿಗೆ ನೀರು ಬರುವುದು ವಯನಾಡಿನ ಮಳೆಯಿಂದ. ಬಹುತೇಕ ವರ್ಷ ಬೇಗ ತುಂಬುವ ಕಟ್ಟೆ ಅದು. ಕಬಿನಿಯ ಒಳಹರಿವು ಏರಿತೆಂದರೆ ಕನ್ನಂಬಾಡಿಯದೂ ಹಿಂದೆಯೇ ಏರಬಹುದು ಎಂದು ಊಹಿಸುವವನು ಅನೇಕ ಸಲ ಗೆಲ್ಲುತ್ತಾನೆ. ಆದರೆ ಕಬಿನಿಯ ಒಂದು ತೊಟ್ಟೂ ಕನ್ನಂಬಾಡಿಗೆ ಬರುವುದಿಲ್ಲ. ಅದು ಕಾವೇರಿಯನ್ನು ಸೇರುವುದು ಕಟ್ಟೆಯಿಂದ ಬಹಳ ಕೆಳಗೆ, ತಿ. ನರಸೀಪುರದಲ್ಲಿ. ಎರಡನ್ನೂ ತುಂಬಿಸುವುದು ಒಂದೇ ಮುಂಗಾರು, ಒಂದು ಕಡೆ ಮೊದಲು, ಇನ್ನೊಂದು ಕಡೆ ಆಮೇಲೆ.

ನಮ್ಮ ತರ್ಕಶಾಸ್ತ್ರಜ್ಞರು ಈ ಬಗೆಯ ಪೂರ್ವಘಟನೆಗೆ ‘ಅನ್ಯಥಾಸಿದ್ಧ’ ಎಂಬ ಹೆಸರಿಟ್ಟು ಹೊರಗಿಟ್ಟಿದ್ದರು. ಅವರ ಪ್ರಸಿದ್ಧ ಉದಾಹರಣೆ ಕುಂಬಾರನ ಕತ್ತೆ. ಮಡಕೆಗಿಂತ ಮುಂಚೆ ಕತ್ತೆ ಇತ್ತು, ಮಣ್ಣು ಹೊತ್ತು ತಂದದ್ದೂ ನಿಜ. ಆದರೂ ಮಡಕೆಗೆ ಕತ್ತೆ ಕಾರಣವಲ್ಲ. ಅದಿಲ್ಲದೆಯೂ ಮಣ್ಣು ಬರುತ್ತಿತ್ತು, ಮಡಕೆ ಆಗುತ್ತಿತ್ತು. ಮೊದಲಿದ್ದರೆ ಸಾಲದು, ತಪ್ಪದೆ ಇರಬೇಕು. ತಪ್ಪದೆ ಇದ್ದರೂ ಸಾಲದು, ಅದನ್ನು ಬಿಟ್ಟರೂ ಕೆಲಸ ನಡೆಯುವಂತಿರಬಾರದು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಎನ್ನುವ ಗಾದೆಯನ್ನು ಇಟ್ಟುಕೊಂಡೂ ನಾವು ಕಾಲ್ಗುಣವನ್ನು ಬಿಟ್ಟಿಲ್ಲ. ಕಟ್ಟೆ ತುಂಬಿ ಬಾಗಿನ ಕೊಡುವ ದಿನ ‘ನಮ್ಮ ಸರ್ಕಾರ ಬಂದ ಮೇಲೆ ಮಳೆ ಚೆನ್ನಾಗಿದೆ’ ಎಂಬ ಮಾತು ಯಾವ ಪಕ್ಷದ ವೇದಿಕೆಯಿಂದಲೂ ಕೇಳಬಹುದು. ಕುಂಬಾರನ ಕತ್ತೆಗೆ ಅಷ್ಟು ಜಂಬ ಇರಲಿಲ್ಲ.

ನೋಡುವುದರಿಂದ ಸಿಗದ ಉತ್ತರ ಮುಟ್ಟಿದರೆ ಸಿಗುತ್ತದೆ. ಅದಕ್ಕೇ ಎಂಜಿನಿಯರುಗಳು ತಿಳಿಯದ ವ್ಯವಸ್ಥೆಯನ್ನು ಅರಿಯಬೇಕಾದರೆ ಬೇಕೆಂದೇ ಒಳಗಡೆ ಸಣ್ಣ ಸಣ್ಣ ತಟ್ಟು ಕೊಟ್ಟು ನೋಡುತ್ತಾರೆ; ವ್ಯವಸ್ಥೆಯ ಉಳಿದ ಯಾವುದಕ್ಕೂ ಉತ್ತರವಲ್ಲದ, ಹೊರಗಿನಿಂದ ಬಂದ ತಟ್ಟು. ತಟ್ಟಿದ ಮೇಲೆ ಏನು ಅಲುಗಿತೋ ಅದು ಅದರ ಫಲ. ಕಟ್ಟೆಯ ಮೇಲೆ ಇಂಥ ಪ್ರಯೋಗ ಮಾಡಲು ಯಾರೂ ಬಿಡುವುದಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಅದು ತಾನಾಗಿ ನಡೆಯಿತು. 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಗಳಿಗೆಯಲ್ಲಿ ಒಳಹರಿವು ಏರಿರಲಿಲ್ಲ, ನೀರು ಬಿಡಿ ಎಂದು ಯಾವ ಸಮಿತಿಯೂ ಹೇಳಿರಲಿಲ್ಲ. ಆದರೂ ಸಾವಿರಾರು ಕ್ಯೂಸೆಕ್ ಹೊರಕ್ಕೆ. ಆ ಒಂದು ಗೇಟಿನಿಂದ ಹೊರಹರಿವಿಗೆ ಹೋಗುವ ಬಾಣ ಅಷ್ಟು ಸ್ಪಷ್ಟವಾಗಿ ಕಾಣುವುದು ಅಂಥ ಅಪಘಾತದಲ್ಲೇ.

ಮರುದಿನದ ಅಂಕಿಗಳಲ್ಲಿ ಮತ್ತೆ ಗೋಜಲು. ಮುರಿದ ಗೇಟಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು. ಹೊರಹರಿವು ಲಕ್ಷ ಕ್ಯೂಸೆಕ್ ಆಸುಪಾಸಿಗೆ ಹೋಯಿತು. ಅದರಲ್ಲಿ ಮುರಿದ ಗೇಟಿನ ಪಾಲು ಎಷ್ಟು, ಮುರಿದದ್ದಕ್ಕೆ ಮನುಷ್ಯರು ಮಾಡಿದ ಉಪಾಯದ ಪಾಲು ಎಷ್ಟು? ಬರಿಯ ‘ಹೊರಹರಿವು’ ಎಂಬ ಒಂದು ಅಂಕಿಯಲ್ಲಿ ಎರಡೂ ಕೂಡಿಹೋಗಿವೆ. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ಒಂದು ವಾರದೊಳಗೆ ಕಿಂಡಿ ಮುಚ್ಚಿದ ತಂಡದ ಸಾಹಸ ಬೇರೆಯೇ ಕತೆ, ಅದನ್ನು ಮುನ್ನಡೆಸಿದ ಕನ್ನಯ್ಯ ನಾಯ್ಡು ಅವರ ಹೆಸರು ಅಂದು ರಾಜ್ಯದ ಮನೆಮನೆಗೂ ಗೊತ್ತಾಯಿತು.

ಮುಟ್ಟಲೂ ಆಗದು, ಅಪಘಾತವೂ ಆಗಿಲ್ಲ ಎಂದರೆ? ಆಗ ಉಳಿಯುವುದು ‘ಹಾಗಾಗದೆ ಇದ್ದಿದ್ದರೆ’ ಎಂಬ ಪ್ರಶ್ನೆ. ನಮ್ಮ ರಾಜ್ಯಕ್ಕೆ ಇದು ಪುಸ್ತಕದ ಪ್ರಶ್ನೆಯಲ್ಲ. 2019ರ ಆಗಸ್ಟಿನಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿದಾಗ ಮಹಾರಾಷ್ಟ್ರದಲ್ಲಿ ಅನೇಕರು ಬೆರಳು ತೋರಿಸಿದ್ದು ಕೃಷ್ಣೆಯ ಕೆಳಗಿರುವ ನಮ್ಮ ಆಲಮಟ್ಟಿಯ ಕಡೆಗೆ. 2005ರ ಪ್ರವಾಹದಲ್ಲೂ ಇದೇ ಆರೋಪ ಇತ್ತು. ನದಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ, ಹಾಗಾಗಿ ಕೆಳಗಿನದು ಮೇಲಿನದಕ್ಕೆ ಕಾರಣವಾಗುವುದು ಹೇಗೆ ಎಂದು ನಮ್ಮವರು ಗೇಲಿ ಮಾಡಿದರು. ಆ ಗೇಲಿ ಸರಿಯಲ್ಲ. ನಿಧಾನ ಹರಿಯುವ ನದಿಯಲ್ಲಿ ಕೆಳಗಿನ ಅಡ್ಡಿಯ ಪ್ರಭಾವ ಮೇಲಕ್ಕೆ ಹೋಗುತ್ತದೆ. ಹಿನ್ನೀರು ಎಂದರೆ ಅದೇ ಅಲ್ಲವೇ? ಪ್ರಶ್ನೆ ಇರುವುದು ಎಷ್ಟು ದೂರದವರೆಗೆ, ಎಷ್ಟು ಅಡಿ ಎಂಬುದರಲ್ಲಿ.

ಎರಡೂ ಕಡೆಯ ದಿನದಿನದ ಅಂಕಿ ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ. ಸಾಂಗ್ಲಿಯಲ್ಲಿ ನೀರು ಏರಿದಾಗಲೇ ಆಲಮಟ್ಟಿಯ ಹೊರಹರಿವೂ ಏರಿತ್ತು, ಆ ಆಗಸ್ಟಿನಲ್ಲಿ ಅದು 5 ಲಕ್ಷ ಕ್ಯೂಸೆಕ್ ದಾಟಿತ್ತು. ಹೆಚ್ಚು ಬಿಟ್ಟಷ್ಟೂ ಸಾಂಗ್ಲಿ ಮುಳುಗಿತು ಎಂದು ಓದಿದರೆ ಆಲಮಟ್ಟಿ ಗೇಟು ಮುಚ್ಚಬೇಕಿತ್ತು ಎಂಬ ತಲೆಕೆಳಗಾದ ಬುದ್ಧಿವಾದ ಹುಟ್ಟುತ್ತದೆ. ಎರಡಕ್ಕೂ ಸಹ್ಯಾದ್ರಿಯ ಒಂದೇ ಮಳೆ ಕಾರಣ, ಮೇಲಾಗಿ ಏರುವ ನೀರಿಗೆ ಉತ್ತರವಾಗಿಯೇ ಗೇಟು ತೆರೆಯುತ್ತದೆ. ಹಾಗಾಗಿ ಜಲತಜ್ಞರು ಮಾಡುವುದು ಬೇರೆ. ನದಿಯ ತಳ, ಓರೆ, ಅಗಲ, ಸೇತುವೆ, ಬ್ಯಾರೇಜು ಎಲ್ಲವನ್ನೂ ಗಣಿತದಲ್ಲಿ ಕಟ್ಟಿ, ಅದೇ ಮಳೆಯನ್ನು ಎರಡು ಸಲ ಸುರಿಸುತ್ತಾರೆ. ಒಮ್ಮೆ ಆಲಮಟ್ಟಿ ತುಂಬಿದ್ದಾಗ, ಇನ್ನೊಮ್ಮೆ ತಗ್ಗಿದ್ದಾಗ. ಸಾಂಗ್ಲಿಯ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಬಂತೋ ಅಷ್ಟೇ ಆಲಮಟ್ಟಿಯ ಪಾಲು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ, ನಂದಕುಮಾರ್ ವಡ್ನೇರೆ ಅವರ ಅಧ್ಯಕ್ಷತೆಯ ಸಮಿತಿ 2020ರಲ್ಲಿ ಕೊಟ್ಟ ವರದಿಯಲ್ಲಿ ಆ ಪ್ರವಾಹಕ್ಕೆ ಆಲಮಟ್ಟಿ ಕಾರಣವಲ್ಲ ಎಂದಿತು. ಜಗಳ ಅಷ್ಟಕ್ಕೆ ಮುಗಿದಿಲ್ಲ. ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ಬಂದಾಗಲೆಲ್ಲ ಅದು ಮತ್ತೆ ಏಳುತ್ತದೆ. ಹೊಸ ಮಟ್ಟಕ್ಕೆ ಹಳೆಯ ಉತ್ತರ ಸಾಲದು, ಲೆಕ್ಕ ಮತ್ತೆ ಹಾಕಬೇಕು ಎಂದು ನಾವೂ ಒಪ್ಪುವುದು ನ್ಯಾಯ. (ಸಾಂಗ್ಲಿಯಲ್ಲಿ ಕೃಷ್ಣೆಯ ಮಟ್ಟ ನೋಡುವುದು ಇರ್ವಿನ್ ಸೇತುವೆಯಲ್ಲಿ. ನಮ್ಮ ವಿಶ್ವೇಶ್ವರಯ್ಯ ನಾಲೆಗೂ ಮೊದಲು ಇರ್ವಿನ್ ನಾಲೆ ಎಂದೇ ಹೆಸರು. ಆ ಹೆಸರಿನ ವೈಸರಾಯ್‌ಗೂ ಎರಡು ಊರುಗಳ ನೀರಿಗೂ ಇರುವ ಸಂಬಂಧ ಕುಂಬಾರನ ಕತ್ತೆಯದ್ದೇ.)

ಕಾವೇರಿಯ ವಿಷಯದಲ್ಲಿ ನ್ಯಾಯಾಲಯ ಹಿಡಿದ ದಾರಿ ಇನ್ನೊಂದು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಧಾರಣ ಮಳೆ ವರ್ಷದಲ್ಲಿ ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ನೀರು 177.25 ಟಿಎಂಸಿ ಎಂದು ಹೇಳಿತು. ಅಳತೆ ಕಟ್ಟೆಯ ಬಾಗಿಲಲ್ಲಿ ಅಲ್ಲ, ಗಡಿಯ ಬಿಳಿಗುಂಡ್ಲುವಿನಲ್ಲಿ. ಗೇಟು ಎಷ್ಟು ತೆರೆದಿರಿ ಎಂದು ಕೇಳದೆ, ಕೊನೆಯಲ್ಲಿ ಎಷ್ಟು ಬಂತು ಎಂದು ಕೇಳುವ ಲೆಕ್ಕ ಇದು. ನಡುವೆ ಕಬಿನಿ ಸೇರುತ್ತದೆ, ಶಿಂಷಾ ಸೇರುತ್ತದೆ, ಸಂಗಮದಲ್ಲಿ ಅರ್ಕಾವತಿ ಸೇರುತ್ತದೆ. ಕನಕಪುರದ ಕಡೆ ಒಂದು ರಾತ್ರಿ ಬಿದ್ದ ಮಳೆ, ಕನ್ನಂಬಾಡಿಯಿಂದ ಒಂದು ಹನಿಯೂ ಬಿಡದಿದ್ದರೂ ಬಿಳಿಗುಂಡ್ಲುವಿನ ಅಂಕಿ ಏರಿಸುತ್ತದೆ. ಕಟ್ಟೆಯಿಂದ ಬಿಟ್ಟ ನೀರು ಅಲ್ಲಿಗೆ ಮುಟ್ಟಲು ದಿನಗಳೇ ಬೇಕು, ಆದ್ದರಿಂದ ಇವತ್ತಿನ ಆದೇಶಕ್ಕೂ ಇವತ್ತಿನ ಅಂಕಿಗೂ ನೇರ ನಂಟಿಲ್ಲ. ಇನ್ನೂ ಒಂದು ಸುತ್ತು ಇದೆ. ಬೆಂಗಳೂರು ತೊರೆಕಾಡನಹಳ್ಳಿಯಿಂದ ಎತ್ತಿ ಕುಡಿಯುವ ಕಾವೇರಿಯ ಒಂದು ಪಾಲು ಚರಂಡಿಯಾಗಿ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಅಲ್ಲಿಂದ ಮತ್ತೆ ಕಾವೇರಿಗೆ ಬರುತ್ತದೆ. ಯಾವುದು ಒಳಹರಿವು, ಯಾವುದು ಹೊರಹರಿವು ಎಂದು ಬಿಡಿಸಿ ಹೇಳುವವರಿಗೆ ಮೂಗು ಮುಚ್ಚಿಕೊಂಡಾದರೂ ಬಹುಮಾನ ಕೊಡಬೇಕು.

ಇಷ್ಟೆಲ್ಲದರ ನಡುವೆ ಮನುಷ್ಯರೂ ಇದ್ದಾರೆ. ಕಟ್ಟೆ 100 ಅಡಿ ದಾಟಿತೆಂದು ಪೇಪರಿನಲ್ಲಿ ಓದಿದ ರೈತ ಭತ್ತದ ಒಟ್ಲು ಬಿಡುತ್ತಾನೆ. ಒಟ್ಲು ಬಿಟ್ಟ ಮೇಲೆ ನಾಲೆಗೆ ನೀರು ಬೇಕು. ಅವನು ಕೇಳುತ್ತಾನೆ, ಬಿಡಬೇಕಾಗುತ್ತದೆ, ಮಟ್ಟ ಇಳಿಯುತ್ತದೆ. ಪತ್ರಿಕೆಯ ಆ ಬೆಂಕಿಪೊಟ್ಟಣದಷ್ಟು ಜಾಗದ ಅಂಕಿ ಬರಿಯ ವರದಿಯಲ್ಲ, ಅದೂ ವ್ಯವಸ್ಥೆಯ ಒಂದು ಗೇಟು. ಒಳ್ಳೆ ಮಳೆ ಬಿದ್ದ ವಾರ ಗದ್ದೆಗೇ ನೀರು ಸಿಕ್ಕಿ ನಾಲೆಯ ಬೇಡಿಕೆ ಇಳಿಯುತ್ತದೆ. ಒಳಹರಿವು ಏರಿದ ವಾರವೇ ನಾಲೆಯ ಹೊರಹರಿವು ಇಳಿಯುವುದು ಹಾಗೆ. ಅದೇ ವಾರ ಕಟ್ಟೆ ತುಂಬಿದ್ದರೆ ಹೊಳೆಯ ಹೊರಹರಿವು ಏರುತ್ತದೆ. ಒಂದೇ ಮಳೆಗೆ ಎರಡು ಬಾಯಿಗಳಿಂದ ಎರಡು ತದ್ವಿರುದ್ಧ ಉತ್ತರ. ಎರಡನ್ನೂ ಕೂಡಿಸಿ ‘ಹೊರಹರಿವು’ ಎಂದು ಒಂದೇ ಅಂಕಿ ಬರೆದರೆ ಎರಡೂ ಅಳಿಸಿಹೋಗುತ್ತವೆ.

ಅಪ್ಪ ಕೇಳುತ್ತಿದ್ದುದು ಇದನ್ನೇ ಎಂದು ಹೊಳೆದಾಗ ಅವರು ಇರಲಿಲ್ಲ.

ಪತ್ರಿಕೆಗಳ ಸುದ್ದಿಮನೆಯವರಲ್ಲಿ ಒಂದು ವಿನಂತಿ. ಮುಂದಿನ ಮುಂಗಾರಿಗೆ ಜಲಾಶಯಗಳ ಪಟ್ಟಿಯನ್ನು ಇನ್ನೆರಡು ಸಾಲು ದೊಡ್ಡದು ಮಾಡಿ. ಹೊರಹರಿವನ್ನು ನಾಲೆಗೆ ಎಷ್ಟು, ಹೊಳೆಗೆ ಎಷ್ಟು ಎಂದು ಬಿಡಿಸಿ ಹಾಕಿ. ಜಾಗ ಉಳಿದರೆ ಹಿಂದಿನ ದಿನ ಭಾಗಮಂಡಲದಲ್ಲಿ ಬಿದ್ದ ಮಳೆಯನ್ನೂ ಹಾಕಿ. ಅಕ್ಷರ ಸ್ವಲ್ಪ ದಪ್ಪಗಿರಲಿ.